ರಣಹದ್ದಿನ ಸಂಬಳ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮಗೆ ಗೊತ್ತುಮಾಡಿಕೊಟ್ಟ ವಿಷಯ ಬಹು ದೊಡ್ಡದು. ‘ಜೀವವೈವಿಧ್ಯದ ಆರ್ಥಿಕ ಬೆಲೆ ಮತ್ತು ಸುಸ್ಥಿರ ಅಭಿವೃದ್ಧಿ’ ಎಂದು ಕರೆಯೋಲೆಯಲ್ಲಿ ಅಚ್ಚಾಗಿದೆ. ಅದು ಎರಡು ಸಾಲು ಹಿಡಿದಿದೆ. ಅಷ್ಟು ದೊಡ್ಡ ವಿಷಯವನ್ನು ಅಷ್ಟೇ ದೊಡ್ಡದಾಗಿ ಹೇಳಹೊರಟರೆ ಹೇಳುವವರಿಗೂ ದಣಿವು, ಕೇಳುವವರಿಗೂ ದಣಿವು. ಆದುದರಿಂದ ಒಂದೇ ಒಂದು ಹಕ್ಕಿಯನ್ನು ಆರಿಸಿಕೊಂಡು, ಅದರ ಲೆಕ್ಕವನ್ನು ಮಾತ್ರ ತಮ್ಮ ಮುಂದಿಡಬೇಕೆಂದು ಬಂದಿದ್ದೇವೆ. ಆ ಹಕ್ಕಿ ರಣಹದ್ದು. ಶುಭಕಾರ್ಯದಲ್ಲಿ ಹೆಸರೆತ್ತುವಂಥ ಹಕ್ಕಿಯಲ್ಲ ಎಂಬುದನ್ನು ಬಲ್ಲೆವು.

ನಾವು ಪಕ್ಷಿಶಾಸ್ತ್ರ ಕಲಿತವರಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವವರು. ಜಮೆ ಯಾವುದು, ಖರ್ಚು ಯಾವುದು, ಯಾವ ಬಾಬು ಯಾವ ಖಾತೆಗೆ ಸೇರತಕ್ಕದ್ದು ಎಂದು ನೋಡುವುದಷ್ಟೇ ನಮ್ಮ ಕಸುಬು. ಆ ಕಸುಬಿನ ಕಣ್ಣಿನಿಂದಲೇ ಈ ಹಕ್ಕಿಯನ್ನು ನೋಡಿದ್ದೇವೆ. ಸಂಬಳವಿಲ್ಲದೆ ದುಡಿಯುವ ಆಳು ಮನೆಯಲ್ಲಿದ್ದಷ್ಟು ದಿನ ಅವನ ಖರ್ಚು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಅವನು ಒಂದು ದಿನ ಬಾರದಿದ್ದರೆ ಆಗ ತಿಳಿಯುತ್ತದೆ, ಅವನ ಕೆಲಸಕ್ಕೆ ಎಷ್ಟು ತೆರಬೇಕಾಗಿತ್ತು ಎಂಬುದು.

ಮೊದಲು ಅದರ ಕೆಲಸವೇನೆಂದು ನೋಡೋಣ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಆಕಳು, ಎತ್ತು, ಹೋರಿಗಳೇ 19 ಕೋಟಿಗೆ ಮೇಲ್ಪಟ್ಟಿವೆ. ಎಮ್ಮೆ ಕೋಣಗಳನ್ನು ಸೇರಿಸಿದರೆ 30 ಕೋಟಿ ದಾಟುತ್ತದೆ. ಹುಟ್ಟಿದ್ದೆಲ್ಲ ಒಂದು ದಿನ ಸಾಯಲೇಬೇಕು. ಬೇರೆ ಎಷ್ಟೋ ದೇಶಗಳಲ್ಲಿ ದನವು ಕಟುಕನ ಮನೆಯಲ್ಲಿ ಕೊನೆಗಾಣುತ್ತದೆ. ನಮ್ಮಲ್ಲಿ ಬಹುಪಾಲು ದನಗಳು ಮುಪ್ಪಿನಿಂದಲೋ ರೋಗದಿಂದಲೋ ಕೊಟ್ಟಿಗೆಯಲ್ಲೇ ಸಾಯುತ್ತವೆ. ಸತ್ತ ದನವನ್ನು ಊರ ಹೊರಗಿನ ಬಯಲಿಗೆ ಎಳೆಸುವುದು ಹಳೆಯ ವಾಡಿಕೆ. ಚರ್ಮ ಸುಲಿಯುವವರು ಚರ್ಮ ತೆಗೆದುಕೊಂಡು ಹೋಗುತ್ತಿದ್ದರು. ಅವರು ಅತ್ತ ಸರಿಯುವುದೇ ತಡ, ಆಕಾಶದಲ್ಲಿ ಚುಕ್ಕೆಯಂತೆ ಕಾಣುತ್ತಿದ್ದ ಹದ್ದುಗಳು ಇಳಿಯುತ್ತಿದ್ದವು. ಒಂದು ಹಿಂಡು ರಣಹದ್ದುಗಳಿಗೆ ಒಂದು ಹಸುವಿನ ಮೈಯನ್ನು ಎಲುಬಿನವರೆಗೆ ಬರಿದು ಮಾಡಲು 40 ನಿಮಿಷ ಸಾಕು. ಕೊಳೆಯುವುದಕ್ಕೆ, ನಾರುವುದಕ್ಕೆ, ನೊಣ ಮುತ್ತುವುದಕ್ಕೆ ವೇಳೆಯೇ ಸಿಗುತ್ತಿರಲಿಲ್ಲ. ಆ ಹಕ್ಕಿಯ ಜಠರದಲ್ಲಿರುವ ಆಮ್ಲ ಎಷ್ಟು ತೀಕ್ಷ್ಣವೆಂದರೆ, ಕೊಳೆತ ಮಾಂಸದಲ್ಲಿರುವ ಬಹುತೇಕ ರೋಗಾಣುಗಳು ಅದರಲ್ಲಿ ಉಳಿಯಲಾರವು. ಹಿಂದೆ ಉಳಿದ ಎಲುಬನ್ನು ಆಯುವವರು ಬಂದು ಗೊಬ್ಬರಕ್ಕೂ ಅಂಟಿಗೂ ಮಾರಿಕೊಳ್ಳುತ್ತಿದ್ದರು. ಚರ್ಮ ಸುಲಿದವರಿಗೂ ಎಲುಬು ಆಯ್ದವರಿಗೂ ಊರು ಏನು ಗೌರವ ಕೊಟ್ಟಿತೆಂಬುದು ತಮಗೆಲ್ಲ ಗೊತ್ತಿದೆ. ಊರನ್ನು ಚೊಕ್ಕಟವಾಗಿಡುವವರನ್ನು ಊರ ಹೊರಗೆ ಇಡುವುದು ನಮ್ಮ ಹಳೆಯ ಜಮಾಖರ್ಚಿನ ರೀತಿ. ಹದ್ದಿಗೂ ಅದೇ ಸಾಲಿನಲ್ಲಿ ಜಾಗ ಸಿಕ್ಕಿತು.

1980ರ ದಶಕದಲ್ಲಿ ಈ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು, ಉದ್ದಕೊಕ್ಕಿನ ರಣಹದ್ದು, ತೆಳುಕೊಕ್ಕಿನ ರಣಹದ್ದು ಎಂಬ ಮೂರು ಜಾತಿಗಳೂ ಕೂಡಿ 4 ಕೋಟಿಯಷ್ಟು ಇದ್ದಿರಬಹುದೆಂದು ಬಲ್ಲವರ ಅಂದಾಜು. ನಮ್ಮ ತಂದೆಯವರ ವಯಸ್ಸಿನವರಿಗೆ ಅದು ದಿನನಿತ್ಯ ಕಾಣುತ್ತಿದ್ದ ಹಕ್ಕಿ. ಮೂವತ್ತು ದಾಟಿದ ನಮ್ಮಂಥವರಲ್ಲಿ ಅದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಸಭೆಯಲ್ಲಿ ಕೈಯೆತ್ತಿಸಿ ನೋಡಿದರೆ ನರೆತ ತಲೆಯವರ ಕೈಗಳೇ ಮೇಲೇಳಬಹುದು.

ಈ ಎರಡು ತಲೆಮಾರಿನ ನಡುವೆ ನಡೆದದ್ದೇನು? ಇದೇ ಮುಂಬಯಿಯಲ್ಲಿ 1883ರಲ್ಲಿ ಹುಟ್ಟಿದ ನಿಸರ್ಗ ಇತಿಹಾಸ ಸಂಸ್ಥೆಯ ವಿಭು ಪ್ರಕಾಶ್ ಅವರು ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಹದ್ದುಗಳನ್ನು ಎಣಿಸಿದವರು. 1990ರ ದಶಕದ ನಡುವಿನಲ್ಲಿ ಅವರಿಗೆ ವಿಚಿತ್ರವೊಂದು ಕಾಣಿಸಿತು. ಮರದ ಕೊಂಬೆಯ ಮೇಲೆ ಕುಳಿತ ಹದ್ದುಗಳು ಕತ್ತು ಜೋಲುಬಿಟ್ಟು ತೂಕಡಿಸುತ್ತಿದ್ದವು. ಸತ್ತ ಹಕ್ಕಿಗಳು ಕೊಂಬೆಗಳಲ್ಲೂ ಗೂಡುಗಳಲ್ಲೂ ಸಿಕ್ಕಿಕೊಂಡಿದ್ದವು. ದೇಶದ ಉದ್ದಗಲಕ್ಕೂ ಎಣಿಕೆ ನಡೆಯಿತು. 1992ರಲ್ಲಿ ಇದ್ದ ಬಿಳಿಬೆನ್ನಿನ ಹದ್ದುಗಳಲ್ಲಿ ಸಾವಿರಕ್ಕೆ 999 ಹದ್ದುಗಳು 2007ರ ಹೊತ್ತಿಗೆ ಇರಲಿಲ್ಲ. ಉಳಿದ ಎರಡು ಜಾತಿಗಳಲ್ಲಿ ನೂರಕ್ಕೆ 97 ಹೋಗಿದ್ದವು. ಯಾವ ಬ್ಯಾಂಕಿನಲ್ಲಾದರೂ ಠೇವಣಿ ಹೀಗೆ ಕರಗಿದ್ದರೆ ಒಂದೇ ದಿನದಲ್ಲಿ ಬೀದಿಯ ತುಂಬ ಜನ ಸೇರುತ್ತಿದ್ದರು. ಹದ್ದಿನ ಖಾತೆ ಬರಿದಾಗುತ್ತಿದ್ದಾಗ ಕೇಳಿದವರು ಹತ್ತಾರು ಜನ ಪಕ್ಷಿಪ್ರಿಯರು, ಮತ್ತು ನಮ್ಮ ಈ ನಗರದ ಪಾರಸಿ ಬಂಧುಗಳು. ಮಲಬಾರ್ ಹಿಲ್ಲಿನ ಡೂಂಗರ್‌ವಾಡಿಯಲ್ಲಿ ಅವರು ತಮ್ಮವರ ಕಾಯವನ್ನು ಹದ್ದುಗಳಿಗೆ ಒಪ್ಪಿಸುವುದು ತಲೆತಲಾಂತರದ ಸಂಸ್ಕಾರ. ಹದ್ದುಗಳು ಬರುವುದು ನಿಂತಮೇಲೆ ಅಲ್ಲಿ ಬಿಸಿಲನ್ನು ಒಟ್ಟುಗೂಡಿಸುವ ಕನ್ನಡಿಗಳನ್ನು ನಿಲ್ಲಿಸಬೇಕಾಯಿತು. ಒಂದು ಹಕ್ಕಿ ಹೋದರೆ ಒಂದು ಜನಾಂಗದ ಅಂತ್ಯಕ್ರಿಯೆಯ ವಿಧಿಯೇ ಸಂಕಟಕ್ಕೆ ಸಿಕ್ಕೀತೆಂದು ಮೊದಲು ಯಾರು ಎಣಿಸಿದ್ದರು!

ಕಾರಣವನ್ನು ಹುಡುಕಲು ಹಲವು ವರ್ಷ ಹಿಡಿಯಿತು. ಅಂಟುರೋಗವೆಂದರು, ಕ್ರಿಮಿನಾಶಕವೆಂದರು. ಕೊನೆಗೆ 2004ರಲ್ಲಿ ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿಯೂ ಅವರ ಸಂಗಡಿಗರೂ ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿ ನಿಜವನ್ನು ಹೊರತಂದರು. ಆ ಹದ್ದುಗಳ ಒಳಗಿನ ಅಂಗಾಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಪುಡಿ ಹರಡಿತ್ತು. ಮೂತ್ರಪಿಂಡ ಕೆಟ್ಟು, ಮೈಯಿಂದ ಹೊರಹೋಗಬೇಕಾದ ಯೂರಿಕ್ ಆಮ್ಲ ಒಳಗೇ ಹರಳುಗಟ್ಟಿದ ಗುರುತು ಅದು. ಕೆಡಿಸಿದ್ದು ಡೈಕ್ಲೊಫೆನಾಕ್. ಹೆಸರು ಕೇಳಿದರೆ ಈ ಸಭೆಯಲ್ಲಿ ಮಂಡಿನೋವಿನವರಿಗೆ ಗುರುತು ಹತ್ತಬಹುದು; ಮನುಷ್ಯರಿಗೆ ನೋವು ತಗ್ಗಿಸುವ ಮಾತ್ರೆ ಅದೇ. 1990ರ ದಶಕದ ಮೊದಲಲ್ಲಿ ಹಲವು ಕಂಪನಿಗಳು ಅದನ್ನು ತಯಾರಿಸತೊಡಗಿ ಬೆಲೆ ಇಳಿದಾಗ, ದನಗಳಿಗೂ ಅದೇ ಸೂಜಿಮದ್ದು ಕೊಡುವುದು ರೂಢಿಯಾಯಿತು. ಕುಂಟುವ ಎತ್ತು ಮರುದಿನ ನೊಗಕ್ಕೆ ಬರುತ್ತಿತ್ತು. ರೈತನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಕಾಣುವ ಹಾಗೂ ಇರಲಿಲ್ಲ. ಮದ್ದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ಹದ್ದು ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಸತ್ತ ದನಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಮೆ ದನಗಳಲ್ಲಿ ಆ ವಿಷವಿದ್ದರೂ ಹದ್ದಿನ ಕುಲ ಅಳಿಯಲು ಸಾಕೆಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಒಂದು ದನದ ಸುತ್ತ ಹತ್ತಾರು ಹದ್ದು ಕೂಡಿ ಉಣ್ಣುವುದರಿಂದ ಒಂದು ದನ ಸಾಕು, ಒಂದು ಹಿಂಡೇ ಹೋಗಲು.

ಇನ್ನು ನಮ್ಮ ಕಸುಬಿನ ಮಾತು. ಆ ಸೂಜಿಮದ್ದಿನ ಸೀಸೆಯ ಮೇಲೆ ಅಚ್ಚು ಹಾಕಿದ ಬೆಲೆಯಲ್ಲಿ ತಯಾರಿಕೆಯ ಖರ್ಚು ಸೇರಿತ್ತು, ಅಂಗಡಿಯವನ ಲಾಭ ಸೇರಿತ್ತು, ತೆರಿಗೆ ಸೇರಿತ್ತು. ಹದ್ದಿನ ಬೆಲೆ ಸೇರಿರಲಿಲ್ಲ. ಹೀಗೆ ಒಬ್ಬರ ಕೊಡುಕೊಳ್ಳುವಿಕೆಯಲ್ಲಿ ಸೇರದೆ ಬೇರೊಬ್ಬರ ತಲೆಯ ಮೇಲೆ ಬೀಳುವ ವೆಚ್ಚಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಬಾಹ್ಯವೆಚ್ಚವೆಂದು ಹೆಸರು. ಅದು ಯಾರ ತಲೆಯ ಮೇಲೆ ಬಿತ್ತು?

ಮುಂಬಯಿಗೆ ವರ್ಗವಾಗಿ ಬರುವ ಮೊದಲು ನಾವು ಬಿಜಾಪುರದ ಕಡೆಯ ಒಂದು ಹಳ್ಳಿಯ ಶಾಖೆಯಲ್ಲಿ ನಾಲ್ಕು ವರ್ಷ ಇದ್ದೆವು. ಅಲ್ಲಿ ಹೈನಿನ ಸಾಲದ ಕಾಗದಪತ್ರಗಳೆಲ್ಲ ನಮ್ಮ ಮೇಜಿನ ಮೇಲೆ ಬರುತ್ತಿದ್ದವು. ಸಾಲದ ಹಸುವಿಗೆ ವಿಮೆ ಇರುತ್ತದೆ, ಕಿವಿಗೆ ನಂಬರಿನ ಬಿಲ್ಲೆ ಇರುತ್ತದೆ. ಹಸು ಸತ್ತರೆ ಪಶುವೈದ್ಯರ ಸರ್ಟಿಫಿಕೇಟು ಬೇಕು, ಕಿವಿಯಿಂದ ಕಿತ್ತ ಬಿಲ್ಲೆ ಬೇಕು. ಬಿಲ್ಲೆ ಇಲ್ಲವಾದರೆ ಹಣವೂ ಇಲ್ಲ. ಎಲ್ಲವೂ ಸರಿಯಿದ್ದರೆ ವಿಮೆಯ ಹಣ ಬಂದು ಸಾಲ ತೀರಿ ಖಾತೆ ಮುಚ್ಚುತ್ತದೆ. ಹಸುವಿನ ಬಣ್ಣ, ಕೋಡಿನ ಆಕಾರ, ಬಾಲದ ತುದಿಯ ಕೂದಲು ಇಷ್ಟೆಲ್ಲ ಬರೆಯಲು ಕಾಲಮುಗಳಿದ್ದವು. ಸತ್ತ ಮೈಯನ್ನು ಏನು ಮಾಡಿದರೆಂದು ಬರೆಯಲು ಒಂದು ಕಾಲಮೂ ಇರಲಿಲ್ಲ. ಆ ಊರಿನ ಹಳ್ಳದ ಆಚೆಗೆ ಒಯ್ದು ಎಸೆಯುತ್ತಿದ್ದರು. ಅಲ್ಲಿಗೆ ಹೋಗಿ ನೋಡಿದರೆ ಹದ್ದು ಒಂದೂ ಇಲ್ಲ. ಹೊಟ್ಟೆ ತುಂಬಿದ ನಾಯಿಗಳು ಇಪ್ಪತ್ತು ಮೂವತ್ತು.

ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಒಬ್ಬ ತಾಯಿ ಬಂದು ನಿಂತಿದ್ದಳು. “ಸಾಹೇಬ್ರ, ಹುಡುಗಗ ನಾಯಿ ಕಡದೈತ್ರಿ. ಜಲ್ದಿ ಮಾಡಿ ಕೊಡ್ರಿ” ಎಂದು ಬೆಂಡೋಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ಕೆನ್ನೆಯ ಹತ್ತಿರದ ಕಡಿತ. ಬರಿಯ ಲಸಿಕೆ ಸಾಲದು, ಗಾಯದ ಸುತ್ತ ಕೊಡುವ ಬೇರೆ ಮದ್ದೂ ಬೇಕು, ಅದು ಜಿಲ್ಲೆಯ ಊರಿಗೆ ಹೋದರೆ ಮಾತ್ರ ಸಿಗುವುದು. ಅಕ್ಕಸಾಲಿಗರನ್ನು ಮನೆಯಿಂದ ಕರೆಸಿ ತೂಗಿಸಿ, ಒಡವೆಯ ಸಾಲ ಮಾಡಿ ಕೊಟ್ಟು ಕಳುಹಿದೆವು. ಹುಡುಗ ಉಳಿದ. ಬೆಂಡೋಲೆ ಬಿಡಿಸಿಕೊಳ್ಳಲು ಅವಳಿಗೆ ಎರಡು ಸುಗ್ಗಿ ಬೇಕಾಯಿತು. ನಮ್ಮ ಪುಸ್ತಕದಲ್ಲಿ ಆ ಸಾಲದ ಉದ್ದೇಶ ‘ಔಷಧ ವೆಚ್ಚ’ ಎಂದಿದೆ. ಹೈನಿನ ಸಾಲದ ಪುಸ್ತಕ ಒಂದು ಕಪಾಟಿನಲ್ಲಿ, ಒಡವೆಯ ಸಾಲದ ಪುಸ್ತಕ ಇನ್ನೊಂದು ಕಪಾಟಿನಲ್ಲಿ. ಇವೆರಡಕ್ಕೂ ಸಂಬಂಧವುಂಟೆಂದು ಹೇಳುವ ಲೆಕ್ಕ ಯಾವ ಕಪಾಟಿನಲ್ಲಿಯೂ ಇಲ್ಲ. ಆ ಹುಡುಗನನ್ನು ಕಡಿದ ನಾಯಿ ಇಂಥ ಹಸುವನ್ನೇ ತಿಂದು ಕೊಬ್ಬಿತ್ತೆಂದು ನಾವು ಪ್ರಮಾಣ ಮಾಡಿ ಹೇಳಲಾರೆವು. ಒಂದೊಂದು ಊರಿನಲ್ಲಿ ಹೇಳಲಾಗದ್ದನ್ನು ಇಡೀ ದೇಶದ ಲೆಕ್ಕದಲ್ಲಿ ಹೇಳಬಹುದೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ.

2008ರಲ್ಲಿ ಅನಿಲ್ ಮಾರ್ಕಂಡ್ಯ ಎಂಬ ಅರ್ಥಶಾಸ್ತ್ರಜ್ಞರೂ ಅವರ ಜೊತೆಯವರೂ ಒಂದು ಲೆಕ್ಕ ಮಾಡಿದರು. ಹದ್ದು ಬಿಟ್ಟ ಆಹಾರದಿಂದ 1992ರಿಂದೀಚೆಗೆ ನಾಯಿಗಳು 55 ಲಕ್ಷದಷ್ಟು ಹೆಚ್ಚಿದವು. ಅದರಿಂದ ರೇಬಿಸಿಗೆ ಬಲಿಯಾದವರು ಸುಮಾರು 48 ಸಾವಿರ ಮಂದಿ. 1993ರಿಂದ 2006ರವರೆಗಿನ ಒಟ್ಟು ನಷ್ಟ 3,400 ಕೋಟಿ ಡಾಲರ್ ಎಂದು ಅವರ ಅಂದಾಜು. ಇದಕ್ಕಿಂತ ಹೆಚ್ಚು ಬಿಗಿಯಾದ ಲೆಕ್ಕವನ್ನು ಇಯಾಲ್ ಫ್ರಾಂಕ್ ಮತ್ತು ಅನಂತ ಸುದರ್ಶನ್ ಎಂಬಿಬ್ಬರು 2024ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ವಿಧಾನ ನಮ್ಮಂಥ ಗುಮಾಸ್ತರಿಗೂ ಅರ್ಥವಾಗುವಂಥದು. ದೇಶದ ಜಿಲ್ಲೆಗಳನ್ನು ಎರಡು ಪಂಗಡ ಮಾಡಿದರು: ಹದ್ದು ಹೆಚ್ಚಾಗಿ ಬಾಳುತ್ತಿದ್ದ ಜಿಲ್ಲೆಗಳು ಒಂದು ಕಡೆ, ಮೊದಲಿನಿಂದಲೂ ಹದ್ದು ವಿರಳವಾಗಿದ್ದ ಜಿಲ್ಲೆಗಳು ಇನ್ನೊಂದು ಕಡೆ. ಮದ್ದು ಅಗ್ಗವಾಗುವ ಮುನ್ನ ಎರಡೂ ಪಂಗಡಗಳಲ್ಲಿ ಜನರ ಮರಣದ ಪ್ರಮಾಣ ಒಂದೇ ಹಾದಿಯಲ್ಲಿ ನಡೆದಿತ್ತು. 1994ರ ಈಚೆಗೆ ಹದ್ದಿದ್ದ ಜಿಲ್ಲೆಗಳಲ್ಲಿ ಮಾತ್ರ ಅದು ಮೇಲೇರತೊಡಗಿ ನೂರಕ್ಕೆ 4ಕ್ಕಿಂತ ಹೆಚ್ಚಾಯಿತು. ನಾಯಿಯ ಕಡಿತವೊಂದೇ ಅಲ್ಲ. ಹಳ್ಳಕೊಳ್ಳಗಳಿಗೆ ಎಸೆದ ಹೆಣಗಳಿಂದ ಕುಡಿಯುವ ನೀರೂ ಕೆಟ್ಟಿತ್ತು. 2000ದಿಂದ 2005ರವರೆಗಿನ ಐದು ವರ್ಷಗಳಲ್ಲಿ ಹೀಗೆ ಹೆಚ್ಚಾಗಿ ಸತ್ತವರು ಸುಮಾರು 5 ಲಕ್ಷ ಜನ. ಅದರ ನಷ್ಟ ವರ್ಷಕ್ಕೆ 6,940 ಕೋಟಿ ಡಾಲರ್.

ಈ ಕೊನೆಯ ಅಂಕಿಯನ್ನು ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕಿದವು. ಅದನ್ನು ಬಿಡಿಸಿ ನೋಡುವುದು ಲೆಕ್ಕ ಬಲ್ಲವರ ಕರ್ತವ್ಯ. ಯಾರದೋ ಪೆಟ್ಟಿಗೆಯಿಂದ ಅಷ್ಟು ಹಣ ಹೊರಗೆ ಹೋಯಿತೆಂದು ಇದರ ಅರ್ಥವಲ್ಲ. ಅರ್ಥಶಾಸ್ತ್ರಜ್ಞರು ಒಂದು ಜೀವಕ್ಕೆ 6,65,000 ಡಾಲರ್ ಎಂದು ಬೆಲೆ ಹಿಡಿದು, ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕ ಸಾವುಗಳಿಂದ ಗುಣಿಸಿದ್ದಾರೆ, ಅಷ್ಟೆ. ಜೀವದ ಬೆಲೆಯನ್ನು ಅರ್ಧಕ್ಕಿಳಿಸಿದರೆ ಮೊತ್ತವೂ ಅರ್ಧವಾಗುತ್ತದೆ. ಸತ್ತವರ ಸಂಖ್ಯೆ ಮಾತ್ರ ಇಳಿಯುವುದಿಲ್ಲ. ನಮ್ಮ ಮಟ್ಟಿಗೆ ಡಾಲರಿನ ಅಂಕಿಗಿಂತ ಆ 5 ಲಕ್ಷದ ಅಂಕಿಯೇ ದೊಡ್ಡದು. ಮತ್ತೆ ಅವರಲ್ಲಿ ಹೆಚ್ಚಿನವರು ಯಾರಿರಬಹುದು? ನಾಯಿ ಓಡಿಸಿಕೊಂಡು ಬಂದರೆ ಕಾರಿನ ಬಾಗಿಲು ಹಾಕಿಕೊಳ್ಳುವವರಲ್ಲ. ಹಳ್ಳದ ನೀರು ಬಿಟ್ಟರೆ ಬೇರೆ ನೀರಿಲ್ಲದವರು.

ಹೀಗೆ ಪ್ರಕೃತಿಯ ಕೆಲಸಕ್ಕೆ ಬೆಲೆ ಕಟ್ಟುವ ವಿದ್ಯೆಯನ್ನು ಲೋಕದ ಸರಕಾರಗಳ ಮುಂದಿಟ್ಟವರಲ್ಲಿ ಮುಖ್ಯರಾದವರು ನಮ್ಮ ಕಸುಬಿನವರೇ ಎಂಬುದು ನಮಗೆ ತುಸು ಹೆಮ್ಮೆಯ ಮಾತು. ಪವನ್ ಸುಖದೇವ್ ಎಂಬವರು ಇದೇ ಮುಂಬಯಿಯಲ್ಲೂ ದುಡಿದ ಬ್ಯಾಂಕರು. ಡಾಯ್ಚ ಬ್ಯಾಂಕಿನಲ್ಲಿ ಉನ್ನತ ಅಧಿಕಾರಿಯಾಗಿದ್ದವರು. 2007ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಕೂಡಿದ ಪರಿಸರ ಮಂತ್ರಿಗಳು ಒಂದು ಅಧ್ಯಯನ ನಡೆಯಲೆಂದು ಗೊತ್ತುಮಾಡಿದಾಗ ಅದರ ನೇತೃತ್ವ ಇವರಿಗೆ ಬಂತು. ಅದರ ಮುಖ್ಯ ವರದಿ 2010ರಲ್ಲಿ ಜಪಾನಿನ ನಗೋಯದಲ್ಲಿ ಹೊರಬಿತ್ತು. ಅದರಲ್ಲಿನ ಒಂದು ಅಂಕಿಯನ್ನು ಮಾತ್ರ ಹೇಳುತ್ತೇವೆ. ಭಾರತದ ಹಳ್ಳಿಗಳ ಮತ್ತು ಕಾಡಂಚಿನ ಬಡ ಕುಟುಂಬಗಳ ಬದುಕಿನಲ್ಲಿ, ಸೌದೆ, ಮೇವು, ನೀರು, ಸೊಪ್ಪು, ಕಾಡಿನ ಹುಟ್ಟುವಳಿ ಎಂದು ಪ್ರಕೃತಿ ಬಿಟ್ಟಿಯಾಗಿ ಕೊಡುವುದರ ಪಾಲು ನೂರಕ್ಕೆ 47ರಷ್ಟು. ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ನೋಡಿದರೆ ಅದೇ ಬಾಬು ಬಹಳ ಚಿಕ್ಕದಾಗಿ ಕಾಣುತ್ತದೆ. ಕಾಡು ಹೋಯಿತೆಂದರೆ ದೇಶಕ್ಕೆ ಸಣ್ಣ ಖೋತ, ಬಡವನಿಗೆ ಅರ್ಧ ಸಂಬಳದ ಖೋತ. ಇದಕ್ಕೂ ಮೊದಲು, 1997ರಲ್ಲಿ, ರಾಬರ್ಟ್ ಕೊಸ್ಟಾಂಜಾ ಮತ್ತವರ ಸಂಗಡಿಗರು ಇಡೀ ಭೂಮಂಡಲದ ಪ್ರಕೃತಿಯ ಸೇವೆಗೆ ವರ್ಷಕ್ಕೆ 33 ಲಕ್ಷ ಕೋಟಿ ಡಾಲರ್ ಎಂದು ಬೆಲೆ ಕಟ್ಟಿದ್ದರು. ಆಗ ಲೋಕದ ಎಲ್ಲ ದೇಶಗಳ ಉತ್ಪನ್ನ ಕೂಡಿಸಿದರೂ 18 ಲಕ್ಷ ಕೋಟಿಯಷ್ಟೇ. ಅದನ್ನು ಓದಿ ನಮಗೆ ನಗು ಬಂತು. ಭೂಮಂಡಲವನ್ನೇ ಮಾರುವುದಾದರೆ ಕೊಳ್ಳುವವನು ನಿಲ್ಲುವುದೆಲ್ಲಿ? ಆದರೆ ಹದ್ದಿನ ಲೆಕ್ಕ ಆ ಬಗೆಯದಲ್ಲ. ಕಳೆದುಕೊಂಡ ಮೇಲೆ ಬಂದ ಬಿಲ್ಲು ಅದು.

ಇಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು: “ದೇವರ ಸೃಷ್ಟಿಗೆ ಬೆಲೆ ಕಟ್ಟುವುದು ಅಹಂಕಾರವಲ್ಲವೇನಪ್ಪ? ತಾಯಿಯ ಹಾಲಿಗೆ ಬೆಲೆ ಕಟ್ಟುತ್ತೀರಾ?” ಮಾತು ತೂಕದ್ದೇ. ಅವರಿಗೆ ನಾವು ಹೇಳಿದ್ದು ಇಷ್ಟು: ಬೆಲೆ ಕಟ್ಟಲಾಗದ್ದೆಂದು ನಾವು ಕೈಮುಗಿದು ಬಿಟ್ಟ ಕಡೆಯಲ್ಲೆಲ್ಲ ಕಚೇರಿಯ ಲೆಕ್ಕಿಗ ಸೊನ್ನೆ ಬರೆದಿದ್ದಾನೆ. ಅವನು ಕಾಲಮನ್ನು ಖಾಲಿ ಬಿಡುವಂತಿಲ್ಲ. ಡೈಕ್ಲೊಫೆನಾಕಿಗೆ ಪರವಾನಗಿ ಕೊಟ್ಟ ದಿನ ಹದ್ದಿನ ಕಾಲಮಿನಲ್ಲಿ ಸೊನ್ನೆಯೇ ಇತ್ತು. ಅಲ್ಲಿ ಸಣ್ಣದೊಂದು ಅಂಕಿ ಇದ್ದಿದ್ದರೂ ಯಾರಾದರೂ ಒಮ್ಮೆ ಪೆನ್ನು ತಡೆದು, ಸತ್ತ ದನವನ್ನು ತಿನ್ನುವವರಾರು ಎಂದು ಕೇಳುತ್ತಿದ್ದರೇನೋ. ಆದರೆ ಬೆಲೆ ಕಟ್ಟುವುದು ಬೇರೆ, ಮಾರಾಟಕ್ಕಿಡುವುದು ಬೇರೆ. ಮನೆಗೆ ವಿಮೆ ಮಾಡಿಸುವವನು ಮನೆಗೆ ಬೆಂಕಿ ಬೀಳಲೆಂದು ಬೆಲೆ ಹೇಳುವುದಿಲ್ಲವಲ್ಲ.

ಹದ್ದಿಗೂ ಠೇವಣಿಗೂ ಒಂದು ಹೋಲಿಕೆಯುಂಟು. ರಣಹದ್ದು ಪ್ರಾಯಕ್ಕೆ ಬರಲು ಐದು ವರ್ಷದಷ್ಟು ಹಿಡಿಯುತ್ತದೆ. ಬಂದಮೇಲೂ ವರ್ಷಕ್ಕೆ ಒಂದೇ ಮೊಟ್ಟೆ. ಬಲು ಕಡಮೆ ಬಡ್ಡಿಯ ಠೇವಣಿ ಇದು. ಅಸಲಿಗೆ ಕೈ ಹಾಕಿದರೆ ಮತ್ತೆ ತುಂಬಿಸಲು ಒಂದು ಆಯುಷ್ಯ ಸಾಲದು. ಹರಿಯಾಣದ ಪಿಂಜೋರಿನಲ್ಲಿ 2001ರಲ್ಲಿ ಹದ್ದುಗಳ ಆರೈಕೆಯ ಕೇಂದ್ರ ತೆರೆದು, 2004ರಿಂದ ಅಲ್ಲಿ ಮರಿ ಮಾಡಿಸುವ ಕೆಲಸ ನಡೆದಿದೆ. ಬಿಳಿಬೆನ್ನಿನ ಎಂಟು ಹದ್ದುಗಳನ್ನು ಅಲ್ಲಿಂದ ಬಾನಿಗೆ ಬಿಟ್ಟದ್ದು 2020ರಲ್ಲಿ. ಹತ್ತೊಂಬತ್ತು ವರ್ಷದ ದುಡಿಮೆ, ಎಂಟು ಹದ್ದು. ಆಕಾಶ ಒಂದು ಕಾಲದಲ್ಲಿ ಪುಕ್ಕಟೆಯಾಗಿ ಕೊಟ್ಟದ್ದನ್ನು ಈಗ ಪಂಜರ, ಮೇಕೆಯ ಮಾಂಸ, ವೈದ್ಯರು, ಸಂಬಳ ಎಲ್ಲ ಇಟ್ಟು ತಯಾರಿಸಬೇಕಾಗಿದೆ. 2015ರ ಅಂದಾಜಿನಲ್ಲಿ ಇಡೀ ದೇಶದಲ್ಲಿ ಉಳಿದ ಬಿಳಿಬೆನ್ನಿನವು 6 ಸಾವಿರ, ಉದ್ದಕೊಕ್ಕಿನವು 12 ಸಾವಿರ, ತೆಳುಕೊಕ್ಕಿನವು ಒಂದು ಸಾವಿರ.

ನಮ್ಮ ನಾಡಿನಲ್ಲಿ ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಅವು ಇನ್ನೂ ಕಾಣುತ್ತವೆ. ರಾಮನಗರದ ರಾಮದೇವರ ಬೆಟ್ಟವನ್ನು ಕರ್ನಾಟಕ ಸರಕಾರ 2012ರಲ್ಲಿ ರಣಹದ್ದಿನ ಧಾಮವೆಂದು ಸಾರಿತು. ಮುಂಬಯಿಯವರಿಗೆ ಆ ಬಂಡೆಗಳ ಪರಿಚಯ ಹೇಳಬೇಕಾಗಿಲ್ಲ. 1975ರ ‘ಶೋಲೆ’ ಚಿತ್ರದ ಬಂಡೆಗಳು ಅವೇ. ಗಬ್ಬರ್ ಸಿಂಗನನ್ನು ನೆನಪಿಟ್ಟುಕೊಂಡ ನಾವು ಅಲ್ಲಿನ ನಿಜವಾದ ಒಕ್ಕಲನ್ನು ಮರೆತೆವು. ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ಹದ್ದುಗಳು ಅಲ್ಲಿ ಈಗ ಬೆರಳೆಣಿಕೆಯಷ್ಟು. ಜಟಾಯುವಿನ ಕಥೆಯನ್ನು ಮಕ್ಕಳಿಗೆ ಹೇಳುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಬೇಸಗೆ ರಜೆಯಲ್ಲಿ ಮೈಸೂರಿಗೆ ಹೋಗುವಾಗ ರೈಲಿನಿಂದಲಾದರೂ ಆ ಬೆಟ್ಟವನ್ನು ಮಕ್ಕಳಿಗೆ ತೋರಿಸಬಹುದು.

ಕೊನೆಯದಾಗಿ ಒಂದು ವ್ಯವಹಾರದ ಮಾತು. ನಮ್ಮಲ್ಲಿ ಬಹಳ ಜನರಿಗೆ ಊರಿನಲ್ಲಿ ಅಣ್ಣತಮ್ಮಂದಿರಿದ್ದಾರೆ, ಕೊಟ್ಟಿಗೆಯಲ್ಲಿ ದನವಿದೆ. ದನಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಸರಕಾರ 2006ರಲ್ಲೇ ನಿಷೇಧಿಸಿತು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಯನ್ನು ತಂದು ದನಕ್ಕೆ ಚುಚ್ಚುತ್ತಿದ್ದುದರಿಂದ, 2015ರಲ್ಲಿ ಆ ಸೀಸೆಯನ್ನು 3 ಮಿಲಿಲೀಟರಿಗೆ ಇಳಿಸಿದರು. ಅದರ ಜಾಗಕ್ಕೆ ಬಂದ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ಮದ್ದುಗಳೂ ಹದ್ದಿಗೆ ವಿಷವೆಂದು ತಿಳಿದು 2023ರಲ್ಲಿ ಅವನ್ನೂ ದನಗಳಿಗೆ ನಿಷೇಧಿಸಿದರು. ಮೆಲಾಕ್ಸಿಕಾಮ್ ಎಂಬುದು ದನದ ನೋವಿಗೂ ಆಗುತ್ತದೆ, ಹದ್ದಿಗೂ ಕೇಡಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಕೊಟ್ಟಿಗೆಯ ಗೂಡಿನಲ್ಲಿಟ್ಟ ಸೀಸೆಯ ಚೀಟಿಯನ್ನು ಒಮ್ಮೆ ಓದಿ ನೋಡಿ. ಪಶುವೈದ್ಯರು ಬಂದಾಗ ಮದ್ದಿನ ಹೆಸರನ್ನು ಕೇಳಿ ಬರೆಸಿಕೊಳ್ಳುವಂತೆ ಮನೆಯವರಿಗೆ ಹೇಳಿ ಬನ್ನಿ. ಯಾವ ಮದ್ದೆಂದು ತಿಳಿಯದೆ ಚುಚ್ಚಿಸಿಕೊಂಡ ದನವೇನಾದರೂ ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿಸಿ. ಜೆಸಿಬಿಯ ಬಾಡಿಗೆ ಎಷ್ಟಾಯಿತೆಂಬುದನ್ನು ಬರೆದಿಡಿ. ರಣಹದ್ದಿನ ಸಂಬಳದ ಪುಸ್ತಕದಲ್ಲಿ ನಮ್ಮ ಮನೆತನದ ಬಾಬು ಅದು.